ಗಾದೆಯ ಉತ್ತರಾರ್ಧ

ನನ್ನ ತಂಗಿಯ ಮೊಮ್ಮಗಳು ಮನಶ್ಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿಗೆ ಓದುತ್ತಿರುವ ಸಂಗತಿ ಬಂಧುಗಳಿಗೆಲ್ಲ ತಿಳಿದೇ ಇದೆ. ಕಳೆದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಅವಳು ಲ್ಯಾಪ್‌ಟಾಪಿನ ಚೀಲವನ್ನು ಹೆಗಲಿಗೇರಿಸಿಕೊಂಡು ಬನಶಂಕರಿಯ ನಮ್ಮ ಮನೆಗೆ ಬಂದಳು. ಕಾಫಿ ಕುಡಿದು ಮುಗಿಸುವ ಮೊದಲೇ, "ದೊಡ್ಡಜ್ಜೀ, ನಂಗೆ ನಿಮ್ಮಿಂದ ಎಂಬತ್ತು ಕನ್ನಡ ಪದ ಬೇಕು" ಎಂದಳು. ಮೂವತ್ತನಾಲ್ಕು ವರ್ಷ ಕನ್ನಡ ಪಾಠ ಹೇಳಿದವಳ ಮುಂದೆ ಇದೆಂಥ ಬೇಡಿಕೆ! ಎಂಟುನೂರು ಬೇಕಾದರೂ ಕೊಡುತ್ತೇನೆ, ಕೇಳು ಎಂದು ಜಂಭ ಕೊಚ್ಚಿಕೊಂಡೆ. ನಲವತ್ತು ಪದಗಳು ಊಟಕ್ಕೋ ಮೈಕಟ್ಟಿಗೋ ಸಂಬಂಧಿಸಿದವಾಗಿರಬೇಕು. ಉಳಿದ ನಲವತ್ತಕ್ಕೆ ಅವೆರಡರ ಸೋಂಕೂ ಇರಬಾರದು. ಎರಡು ಪಟ್ಟಿಯ ಪದಗಳಲ್ಲೂ ಅಕ್ಷರಗಳ ಸಂಖ್ಯೆ ಸಮನಾಗಿರಬೇಕು, ಜನಬಳಕೆಯೂ ಹೆಚ್ಚುಕಡಿಮೆ ಸಮನಾಗಿರಬೇಕು. ಇವು ಅವಳ ನಿಬಂಧನೆಗಳು.

ಇದೆಲ್ಲ ಏತಕ್ಕೆ ಎಂದು ಕೇಳಿದ್ದಕ್ಕೆ ನನ್ನನ್ನೇ ಪರೀಕ್ಷೆಗೆ ಕೂರಿಸಿದಳು. ಪರದೆಯ ಮೇಲೆ 'ಕೆಂಪು' ಎಂಬ ಪದ ಹಸಿರು ಬಣ್ಣದಲ್ಲಿ ಮೂಡಿತು. ಪದವನ್ನು ಓದಕೂಡದು, ಅದು ಯಾವ ಬಣ್ಣದಲ್ಲಿದೆ ಎಂಬುದನ್ನಷ್ಟೇ ಥಟ್ಟನೆ ಹೇಳಬೇಕು. ನಾನು "ಕೆಂ..." ಎಂದು ಬಾಯಿ ತೆರೆದು, ನಾಲಿಗೆ ಕಚ್ಚಿಕೊಂಡು, "ಹಸಿರು" ಎಂದೆ. 'ನೀಲಿ' ಹಳದಿಯಲ್ಲಿ ಬಂತು, ಮತ್ತೆ ಮುಗ್ಗರಿಸಿದೆ. ಪಕ್ಕದಲ್ಲಿ ಕುಳಿತಿದ್ದ ನಮ್ಮ ಯಜಮಾನರಿಗೆ ಇದು ಬಹಳ ಸಂತೋಷ ಕೊಟ್ಟಿತು. ಅವರ ಸರದಿ ಬಂದಾಗ ಅವರ ಪಾಡೂ ಅದೇ ಆಯಿತೆನ್ನಿ.

ಈ ಪರೀಕ್ಷೆಗೆ ಜಾನ್ ರಿಡ್ಲಿ ಸ್ಟ್ರೂಪ್ ಎಂಬ ಅಮೆರಿಕನ್ನನ ಹೆಸರಿದೆ. 1935ರಲ್ಲಿ ಆತ ಇದನ್ನು ಪ್ರಕಟಿಸಿದ. ಆಮೇಲೆ ಈ ಶಾಸ್ತ್ರದ ಗೊಡವೆಯನ್ನು ಬಹುಮಟ್ಟಿಗೆ ಬಿಟ್ಟು ಬೈಬಲ್ ಪಾಠ ಹೇಳುತ್ತ ಬಾಳಿದನಂತೆ. ನನ್ನಂಥ ಮೇಷ್ಟರೇ! ಅವನು ತೋರಿಸಿಕೊಟ್ಟದ್ದು ಇಷ್ಟು: ಅಕ್ಷರ ಕಲಿತವನಿಗೆ ಓದದೆ ಇರುವ ಸ್ವಾತಂತ್ರ್ಯವಿಲ್ಲ. ಪದ ಕಣ್ಣಿಗೆ ಬಿದ್ದೊಡನೆ ಅರ್ಥ ತಾನಾಗಿ ಒಳನುಗ್ಗುತ್ತದೆ. ಅದನ್ನು ತಳ್ಳಿ ಬಣ್ಣವನ್ನು ಹೆಸರಿಸಲು ಮನಸ್ಸಿಗೆ ಹೆಚ್ಚು ಹೊತ್ತು ಬೇಕಾಗುತ್ತದೆ.

1980ರ ದಶಕದ ಕೊನೆಗೆ ಇಂಗ್ಲೆಂಡಿನಲ್ಲೂ ಆಸ್ಟ್ರೇಲಿಯದಲ್ಲೂ ಕೆಲವರು ಈ ಪರೀಕ್ಷೆಗೆ ಇನ್ನೊಂದು ರೂಪ ಕೊಟ್ಟರು. ಬಣ್ಣಗಳ ಹೆಸರಿಗೆ ಬದಲಾಗಿ ಆಹಾರದ ಹೆಸರುಗಳನ್ನು, ದಪ್ಪ, ತೂಕ, ಸೊಂಟ ಮುಂತಾದ ಮಾತುಗಳನ್ನು ಬಣ್ಣಬಣ್ಣದಲ್ಲಿ ಬರೆದು, ಊಟವನ್ನೇ ತ್ಯಜಿಸುತ್ತ ಹೋಗುವ ಅನೊರೆಕ್ಸಿಯಾ, ಮಿತಿಮೀರಿ ತಿಂದು ಆಮೇಲೆ ಅದನ್ನು ಕಳೆದುಕೊಳ್ಳಲು ಹೆಣಗುವ ಬುಲಿಮಿಯಾ, ಈ ಕಾಯಿಲೆಗಳಿದ್ದವರಿಗೆ ತೋರಿಸಿದರು. 'ಮೇಜು' ಎಂಬ ಪದದ ಬಣ್ಣ ಹೇಳುವಾಗ ಇಲ್ಲದ ತಡೆ, ಈ ಪದಗಳ ಬಣ್ಣ ಹೇಳುವಾಗ ಅವರಿಗೆ ಎದುರಾಯಿತು. ಕಣ್ಣೆವೆ ಬಡಿಯುವುದಕ್ಕಿಂತಲೂ ಚಿಕ್ಕ ತಡೆ. ಗಡಿಯಾರಕ್ಕೆ ಮಾತ್ರ ಗೊತ್ತಾಗುವಂಥದ್ದು. ಎಲ್ಲ ಅಧ್ಯಯನಗಳೂ ಒಂದೇ ಫಲ ಕೊಟ್ಟಿಲ್ಲವೆಂದೂ, ಇದರಿಂದ ಯಾರಿಗೂ ರೋಗನಿರ್ಣಯ ಮಾಡಲಾಗದೆಂದೂ ಹುಡುಗಿ ಎರಡು ಸಲ ಎಚ್ಚರಿಸಿದಳು. ಆದರೂ ಆ ಮಾತುಗಳು ಅವರ ಗಮನವನ್ನು ಹಿಡಿದು ನಿಲ್ಲಿಸುತ್ತವೆ ಎಂಬುದು ಪದೇ ಪದೇ ಕಂಡುಬಂದಿದೆ. ಕನ್ನಡದಲ್ಲಿ ಒಂದು ಪಟ್ಟಿ ಸಿದ್ಧಪಡಿಸಿ, ಮೊದಲು ಆರೋಗ್ಯವಂತ ಸಹಪಾಠಿಗಳ ಮೇಲೆ ಪರೀಕ್ಷಿಸಿ ನೋಡುವುದು ಅವಳ ಉದ್ದೇಶ.

ಅವಳು ಹೋದ ಮೇಲೆ ನೋಟ್‌ಪುಸ್ತಕ ತೆಗೆದು ಕುಳಿತೆ. ಮೊದಲ ಪಟ್ಟಿ ಅರ್ಧ ಗಂಟೆಯಲ್ಲಿ ತುಂಬಿತು. ಎರಡನೆಯದಕ್ಕೆ ಕೈಹಾಕಿದಾಗ ನನ್ನ ಜಂಭ ಇಳಿಯಿತು. 'ಎಲೆ' ಎಂದು ಬರೆದೆ. ಎಲೆ ಹಾಕಿ ಬಡಿಸುವುದು ನೆನಪಾಗಿ ಹೊಡೆದುಹಾಕಿದೆ. 'ಸುಣ್ಣ' ಎಂದು ಬರೆದೆ. ಅಡಿಕೆಯ ಜತೆ ಅದೂ ಬಾಯಿಗೆ ಹೋಗುತ್ತದೆ. 'ಕಲ್ಲು' ಎಂದರೆ ಒರಳುಕಲ್ಲು, 'ಹಂಚು' ಎಂದರೆ ದೋಸೆಯ ಹಂಚು. ಕ್ರಿಯಾಪದಗಳ ಅವಸ್ಥೆಯಂತೂ ಇನ್ನೂ ಕಷ್ಟ. ಕನ್ನಡಿಗನು ಏಟು ತಿನ್ನುತ್ತಾನೆ, ಬೈಗುಳ ತಿನ್ನುತ್ತಾನೆ, ಲಂಚ ತಿನ್ನುತ್ತಾನೆ, ಎದುರಿಗಿದ್ದವನ ತಲೆಯನ್ನೂ ತಿನ್ನುತ್ತಾನೆ. ಅಸೂಯೆ ನಮಗೆ ಹೊಟ್ಟೆಕಿಚ್ಚು, ಜೀವನೋಪಾಯ ಹೊಟ್ಟೆಪಾಡು. ವಿವೇಕಿಯ ಮಾತಿಗೆ ತೂಕವಿರುತ್ತದೆ. ಉದ್ಧಟನಿಗೆ ಕೊಬ್ಬು! "ತಿಂದು ಕೊಬ್ಬಿದ್ದೀಯ" ಎಂಬ ಬೈಗುಳವನ್ನು ನಾನೇ ತರಗತಿಯಲ್ಲಿ ಎಷ್ಟು ಸಲ ಬಳಸಿದ್ದೇನೋ ಲೆಕ್ಕವಿಲ್ಲ. ಪ್ರಶ್ನೆಪತ್ರಿಕೆಯಲ್ಲಿ ಕೂಡ "ಈ ಮಾತನ್ನು ಪುಷ್ಟೀಕರಿಸಿ" ಎಂದು ಕೇಳುತ್ತೇವೆ. ಅಂದರೆ ಮಾತಿಗೂ ಮೈ ತುಂಬಿಸಬೇಕು.

'ಪುಷ್ಟೀಕರಿಸಿ' ಎಂದು ಬರೆಯುವಾಗ ಕೈ ತಡೆಯಿತು. ಆ ಪದವನ್ನು ಓದಿದರೆ ಮೈ ಜುಮ್ಮೆನ್ನುತ್ತಿತ್ತು ಎಂದು ನನಗೆ ಹೇಳಿದ ಒಬ್ಬ ಹಳೆಯ ವಿದ್ಯಾರ್ಥಿನಿ ನೆನಪಾದಳು. ಅವಳನ್ನು ಕೇಳಿ, ಒಪ್ಪಿಗೆ ಪಡೆದು, ಗುರುತು ಸಿಗದಂತೆ ಒಂದೆರಡು ವಿವರಗಳನ್ನು ಬದಲಿಸಿ ಈ ಮುಂದಿನದನ್ನು ಬರೆಯುತ್ತಿದ್ದೇನೆ. ಅವಳ ಸಹಪಾಠಿಗಳು ಇದನ್ನು ಓದಿ ಯಾರು ಯಾರು ಎಂದು ಊಹಿಸುವ ಕೆಲಸಕ್ಕೆ ದಯವಿಟ್ಟು ತೊಡಗಬಾರದು.

ಆಗ ನಾನು ಜಯನಗರದ ಒಂದು ಹೆಣ್ಣುಮಕ್ಕಳ ಪ್ರೌಢಶಾಲೆಯಲ್ಲಿದ್ದೆ. 1995ರ ನವೆಂಬರ್, ರಾಜ್ಯೋತ್ಸವಕ್ಕೆ ಬಕಾಸುರನ ಕಥೆಯನ್ನು ನಾಟಕವಾಡಿಸಿದ್ದೆ. ಒಂಬತ್ತನೆಯ ತರಗತಿಯಲ್ಲಿದ್ದ ಈ ಹುಡುಗಿ ಗುಂಡಗಿದ್ದಳು, ಗಂಟಲು ಗಟ್ಟಿಯಾಗಿತ್ತು. "ಭೀಮನ ಪಾರ್ಟು ನಿಂದೇ" ಎಂದೆ. ಬಂಡಿ ಅನ್ನವನ್ನು ಎರಡೂ ಕೈಯಿಂದ ಬಾಚಿ ಉಣ್ಣುವ ಅಭಿನಯಕ್ಕೆ ಸಭೆಯೆಲ್ಲ ನಕ್ಕು ಚಪ್ಪಾಳೆ ತಟ್ಟಿತು. ಅವಳೂ ನಕ್ಕಳು. ಅವಳ ಕನ್ನಡ ಬಹಳ ಚೆನ್ನಾಗಿತ್ತು. ಪ್ರಬಂಧ ಬರೆದರೆ ಓದಿಸಿಕೊಂಡು ಹೋಗುತ್ತಿತ್ತು.

ಬೇಸಿಗೆ ರಜೆ ಮುಗಿದು 1996ರ ಜೂನ್‌ನಲ್ಲಿ ಹತ್ತನೆಯ ತರಗತಿಗೆ ಬಂದಾಗ ಅವಳು ಇಳಿದಿದ್ದಳು. ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಅದೇ ಮಾತು. ನಾನು ಮೊದಲ ದಿನವೇ ಹಾಜರಿ ಕರೆಯುತ್ತ, ಎಲ್ಲರೆದುರಿಗೆ, "ಈಗ ನೋಡು, ಎಷ್ಟು ಲಕ್ಷಣವಾಗಿದ್ದೀಯ!" ಎಂದೆ. ಅವಳ ಮುಖ ಅರಳಿತು. ಒಂದು ಒಳ್ಳೆಯ ಮಾತಾಡಿದೆನೆಂಬ ತೃಪ್ತಿಯಿಂದ ಪಾಠಕ್ಕೆ ತೊಡಗಿದೆ.

ಅರ್ಧವಾರ್ಷಿಕ ಪರೀಕ್ಷೆಗೆ ಗಾದೆಯ ವಿಸ್ತರಣೆಗೆಂದು ಕೊಟ್ಟದ್ದು, ನಿಮಗೆಲ್ಲ ಚಿರಪರಿಚಿತವಾದ "ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ." ಎಲ್ಲರೂ "ವೇದ ಸುಳ್ಳಾದರೂ ಗಾದೆ ಸುಳ್ಳಾಗದು" ಎಂದು ಶುರುಮಾಡಿ, ಊಟಕ್ಕೆ ಆರು ಸಾಲು, ಮಾತಿಗೆ ಆರು ಸಾಲು ಬರೆದು ಮುಗಿಸಿದ್ದರು. ಈ ಹುಡುಗಿ ಎರಡೂವರೆ ಪುಟ ಬರೆದಿದ್ದಳು. ಎರಡೂವರೆ ಪುಟವೂ ಊಟವೇ. ಯಾವ ಧಾನ್ಯ ಜಡ, ಯಾವುದು ಹಗುರ, ಎಣ್ಣೆಯಿಲ್ಲದೆ ಯಾವ ಪಲ್ಯ ಹೇಗೆ ಮಾಡಬಹುದು, ಏಕಾದಶಿಯ ಉಪವಾಸದ ಮಹಿಮೆಯೇನು... ಮಾತಿನ ಬಗ್ಗೆ ಒಂದು ಅಕ್ಷರವಿಲ್ಲ. ನಾನು ಅಂಕ ಕಳೆದು, ಕೆಂಪು ಮಸಿಯಲ್ಲಿ "ಗಾದೆಯ ಉತ್ತರಾರ್ಧ ಎಲ್ಲಿ?" ಎಂದು ಬರೆದೆ. ಅವಳ ಕಣ್ಣುಗಳು ಗುಳಿಬಿದ್ದದ್ದನ್ನೂ ಬರವಣಿಗೆ ಸಣ್ಣಗಾದದ್ದನ್ನೂ ಕಂಡೆ. ಕಂಡೆ ಎಂದಷ್ಟೇ ಹೇಳಬಲ್ಲೆ.

ಆ ವರ್ಷದ ನವೆಂಬರ್ 23ರಂದು ಬೆಂಗಳೂರಿನಲ್ಲಿ ವಿಶ್ವಸುಂದರಿ ಸ್ಪರ್ಧೆ ನಡೆದದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬೇಕು. ಊರೆಲ್ಲ ಪ್ರತಿಭಟನೆ, ಪೊಲೀಸ್ ಕಾವಲು. ಈಜುಡುಗೆಯ ಸುತ್ತನ್ನು ಸೆಷಲ್ಸ್ ದ್ವೀಪಕ್ಕೆ ಸಾಗಿಸಬೇಕಾಯಿತು. ಮಧ್ಯಾಹ್ನದ ಬಿಡುವಿನಲ್ಲಿ ಹುಡುಗಿಯರು ಟೇಪು ಹಿಡಿದು ಸೊಂಟ ಅಳೆದುಕೊಳ್ಳುತ್ತಿದ್ದರು. ಕಾಯಿಲೆಗೆ ಆ ಸ್ಪರ್ಧೆಯೇ ಕಾರಣವೆಂದು ಹೇಳುವಷ್ಟು ಅವಿವೇಕಿ ನಾನಲ್ಲ. ಇಂಗ್ಲೆಂಡಿನ ವೈದ್ಯ ವಿಲಿಯಂ ಗಲ್ ಇದಕ್ಕೆ ಹೆಸರಿಟ್ಟದ್ದು 1870ರ ದಶಕದಲ್ಲಿ. ಆಗ ಟೀವಿಯೂ ಇರಲಿಲ್ಲ, ಕಿರೀಟವೂ ಇರಲಿಲ್ಲ. ನಮ್ಮ ದೇಶದಲ್ಲೇ, 1995ರಲ್ಲಿ ದೆಹಲಿಯ ವೈದ್ಯರು ವರದಿಮಾಡಿದ ಐವರು ಯುವತಿಯರಲ್ಲಿ ದಪ್ಪವಾಗುವ ಭೀತಿ ಪಾಶ್ಚಾತ್ಯರಲ್ಲಿರುವಂತೆ ಕಾಣಿಸಿರಲಿಲ್ಲ. ಹೊಟ್ಟೆ ತುಂಬಿದಂತಿದೆ, ಸೇರುವುದಿಲ್ಲ, ವಾಂತಿಯಾಗುತ್ತದೆ ಎಂದು ನಮ್ಮ ಮಕ್ಕಳು ಹೇಳಿದರೆ ನಾವು ಜಂತುಹುಳುವಿಗೆ ಔಷಧಿ ಕೊಡುತ್ತೇವೆ.

ಈ ಹುಡುಗಿಯ ಮನೆಯಲ್ಲೂ ಆದದ್ದು ಅದೇ. ಜಂತುಹುಳು, ಕಾಮಾಲೆ, ಕ್ಷಯ ಎಲ್ಲಕ್ಕೂ ಪರೀಕ್ಷೆ ನಡೆಯಿತು. ಅಜ್ಜಿ ದೃಷ್ಟಿ ತೆಗೆದರು, ಹರಕೆ ಹೊತ್ತರು. ಸಂಕಷ್ಟಿ, ಏಕಾದಶಿ, ಶುಕ್ರವಾರ, ಶನಿವಾರ ಎಂದು ಅವಳು ಒಂದೊಂದೇ ಉಪವಾಸ ಹಿಡಿದಾಗ ಮನೆಯವರು ಮಗಳ ಭಕ್ತಿಗೆ ಮೆಚ್ಚಿದರು. ಇದೆಲ್ಲ ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ಪಡೆದು ಹೋದಳು, ಆಮೇಲೆ ಸುದ್ದಿಯಿರಲಿಲ್ಲ.

2017ರಲ್ಲಿ ನಮ್ಮ ಕಡೆಗೆ ಮೆಟ್ರೋ ಓಡತೊಡಗಿದ ಹೊಸತು. ಬನಶಂಕರಿಯಲ್ಲಿ ಹತ್ತಿ ಸೀಟು ಹುಡುಕುತ್ತಿದ್ದಾಗ ಒಬ್ಬಾಕೆ ಎದ್ದು ಸ್ಥಳ ಬಿಟ್ಟುಕೊಟ್ಟು, "ಮಿಸ್, ಗುರುತು ಸಿಕ್ತಾ? ನಾನು ನಿಮ್ಮ ಭೀಮ" ಎಂದಳು. ಇಬ್ಬರೂ ಜಯನಗರದಲ್ಲಿಳಿದು ನಾಲ್ಕನೇ ಬ್ಲಾಕಿನ ಒಂದು ಹೋಟೆಲಿನಲ್ಲಿ ಕುಳಿತೆವು. ಎರಡು ಗಂಟೆ ಮಾತಾಡಿದಳು.

ಪಿಯುಸಿ ಎರಡನೆಯ ವರ್ಷ, 1998ರಲ್ಲಿ, ಸೌತ್ ಎಂಡ್ ವೃತ್ತದ ಬಸ್ ನಿಲ್ದಾಣದಲ್ಲಿ ಕುಸಿದುಬಿದ್ದಳಂತೆ. ನಾಡಿ ಬಡಿತ ತೀರ ನಿಧಾನವಾಗಿತ್ತು. ಮುಟ್ಟು ನಿಂತು ವರ್ಷ ದಾಟಿತ್ತು. ಆಸ್ಪತ್ರೆಯಲ್ಲಿ ಒಬ್ಬ ಹಿರಿಯ ವೈದ್ಯರು ಮೊದಲ ಸಲ ಕಾಯಿಲೆಯ ಹೆಸರು ಹೇಳಿದರು. ಮನೋರೋಗಗಳಲ್ಲೆಲ್ಲ ಜೀವಕ್ಕೆ ಹೆಚ್ಚು ಅಪಾಯ ತರುವವುಗಳ ಸಾಲಿಗೆ ಇದು ಸೇರುತ್ತದೆಂದು ತಂದೆತಾಯಿಗೆ ತಿಳಿಸಿದಾಗ ಅವರು ನಂಬಲಿಲ್ಲ. ಊಟ ಮಾಡದಿರುವುದೂ ಒಂದು ಕಾಯಿಲೆಯೇ? ಗುಣವಾಗಲು ಆರೇಳು ವರ್ಷ ಹಿಡಿಯಿತು. ಹೊತ್ತುಹೊತ್ತಿಗೆ ಎದುರು ಕುಳಿತು ಉಣ್ಣಿಸಿದವರು ಅವಳ ತಂದೆ. ಅದಕ್ಕಾಗಿ ಅವರು ಕೆಲಸಕ್ಕೆ ದೀರ್ಘ ರಜೆ ಹಾಕಿದ್ದರು.

ನಾನು ಬಹಳ ಹೊತ್ತು ತಡೆದು ಕೇಳಿದೆ: "ಆ ಭೀಮನ ಪಾರ್ಟು ಕೊಟ್ಟಿದ್ದು ತಪ್ಪಾಯ್ತೇನಮ್ಮ?"

"ಅಯ್ಯೋ ಇಲ್ಲ ಮಿಸ್, ಅದು ನಂಗೆ ಖುಷೀನೇ ಆಗಿತ್ತು" ಎಂದಳು. ಸ್ವಲ್ಪ ಸುಮ್ಮನಿದ್ದು, "ಆಮೇಲೆ ನೀವು 'ಲಕ್ಷಣವಾಗಿದ್ದೀಯ' ಅಂದ್ರಲ್ಲ, ಅದು ಮಾತ್ರ ತಲೇಲಿ ಕೂತ್ಬಿಡ್ತು. ನಿಮ್ಮಿಂದ ಬಂತು ಅಂತಲ್ಲ ಮಿಸ್. ಅದು ಮೊದಲೇ ಶುರುವಾಗಿತ್ತು. ಆದ್ರೆ ಊಟಕ್ಕೆ ಕೂತಾಗೆಲ್ಲ ನಿಮ್ಮ ದನೀಲೇ ಕೇಳ್ಸೋದು" ಎಂದಳು.

ಬೈದದ್ದಲ್ಲ, ಹಾಸ್ಯ ಮಾಡಿದ್ದಲ್ಲ, ಹೊಗಳಿದ್ದು! ನಾನು ಕಾಫಿಯ ಲೋಟವನ್ನೇ ನೋಡುತ್ತ ಕುಳಿತೆ.

ಆ ದಿನಗಳಲ್ಲಿ ಓದುವುದೇ ದುಸ್ತರವಾಗಿತ್ತು ಎಂದಳು. ಪುಟ ತೆರೆದರೆ ಬೇರೆಲ್ಲ ಸಾಲು ಮಸುಕು. 'ತೂಕ', 'ಪುಷ್ಟಿ', 'ಕೊಬ್ಬು', 'ತುಪ್ಪ' ಇಂಥವು ಮಾತ್ರ ಎದ್ದು ಬಂದು ಕಣ್ಣಿಗೆ ಹೊಡೆಯುತ್ತಿದ್ದವು. "ತೂಕದ ಮಾತು" ಎಂದರೂ ಸಾಕು, ಮುಂದಿನ ವಾಕ್ಯ ಒಳಗಿಳಿಯುತ್ತಿರಲಿಲ್ಲ. ಬಸ್ಸಿನ ಹಿಂದಿನ ಸೀಟಿನಲ್ಲಿ ಯಾರೋ ಅಪರಿಚಿತರು "ಸ್ವಲ್ಪ ಊದ್ಕೊಂಡಿದ್ದಾಳೆ" ಎಂದರೆ ಆ ಗದ್ದಲದಲ್ಲೂ ಅದು ಸ್ಪಷ್ಟವಾಗಿ ಕೇಳುತ್ತಿತ್ತು. ಗೆಳತಿಯರ ಡಬ್ಬಿಯಲ್ಲಿ ಯಾವ ದಿನ ಏನಿತ್ತೆಂಬುದು ಅವಳಿಗೆ ಇಂದಿಗೂ ಬಾಯಿಪಾಠ. ತನ್ನ ಡಬ್ಬಿಯನ್ನು ಅವರಿಗೆ ಹಂಚಿ, ಅವರ ಅಮ್ಮಂದಿರು ಮಾಡಿದ ಅಡುಗೆಯ ವಿಧಾನಗಳನ್ನು ಕೇಳಿ ಬರೆದಿಟ್ಟುಕೊಳ್ಳುತ್ತಿದ್ದಳು. ಎರಡು ನೋಟ್‌ಪುಸ್ತಕ ತುಂಬಿತ್ತಂತೆ. ಎರಡೂವರೆ ಪುಟದ ಗಾದೆಯ ಮರ್ಮ ಆಗ ನನಗೆ ಹೊಳೆಯಿತು.

ಈ ನೋಟ್‌ಪುಸ್ತಕದ ಸಂಗತಿಯನ್ನು ಮೊನ್ನೆ ತಂಗಿಯ ಮೊಮ್ಮಗಳಿಗೆ ಹೇಳಿದಾಗ ಅವಳು ಇನ್ನೊಂದು ಕಥೆ ಹೇಳಿದಳು. ಎರಡನೆಯ ಮಹಾಯುದ್ಧದ ಕಾಲ, 1944-45. ಯುದ್ಧದಲ್ಲಿ ಉಪವಾಸ ಬಿದ್ದವರನ್ನು ಚೇತರಿಸಿಕೊಳ್ಳುವಂತೆ ಮಾಡುವ ಬಗೆಯನ್ನು ಅರಿಯಲು ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ಒಂದು ಪ್ರಯೋಗ ನಡೆಸಿದ. ಆತ್ಮಸಾಕ್ಷಿಯ ಕಾರಣದಿಂದ ಆಯುಧ ಹಿಡಿಯಲು ಒಪ್ಪದ 36 ಮಂದಿ ಆರೋಗ್ಯವಂತ ಯುವಕರು ತಾವಾಗಿ ಮುಂದೆ ಬಂದು ಸುಮಾರು ಆರು ತಿಂಗಳು ಅರೆಹೊಟ್ಟೆಯಲ್ಲಿದ್ದರು. ಅವರಲ್ಲಿ ಯಾರಿಗೂ ತೆಳ್ಳಗಾಗುವ ಹಂಬಲವಿರಲಿಲ್ಲ. ಆದರೂ ದಿನ ಕಳೆದಂತೆ ಅವರಿಗೆ ಊಟದ ಮಾತು ಬಿಟ್ಟು ಬೇರೊಂದು ರುಚಿಸದಾಯಿತು. ಕೆಲವರು ಅಡುಗೆ ಪುಸ್ತಕಗಳನ್ನು ಕಾದಂಬರಿಯಂತೆ ಓದತೊಡಗಿದರು; ಪಾಕವಿಧಾನಗಳನ್ನು ಸಂಗ್ರಹಿಸಿಟ್ಟರು. ಒಂದು ದಿನದ ಉಪವಾಸವಿದ್ದ ಸಾಮಾನ್ಯರಲ್ಲೂ ಆ ಬಣ್ಣದ ಪರೀಕ್ಷೆಯಲ್ಲಿ ಆಹಾರದ ಪದಗಳಿಗೆ ತಡೆಯುಂಟಾಗುವುದನ್ನು ಆಮೇಲೆ ಕಂಡಿದ್ದಾರೆ.

ಅಂದರೆ ಊಟದ ಪದಗಳ ಕಡೆಗೆ ಅವಳ ಗಮನ ಜಾರುತ್ತಿದ್ದುದರಲ್ಲಿ ಬಹುಪಾಲು ಬರಿಯ ಹಸಿವು. ನಾನು ಅದನ್ನು ಪಾಂಡಿತ್ಯವೆಂದೋ ವಿಷಯಾಂತರವೆಂದೋ ತಿಳಿದೆ. ಇನ್ನು ಮೈಯ ಮಾತುಗಳ ಕಥೆ ಬೇರೆ. ಅದು ಹಸಿವಲ್ಲ, ಹೆದರಿಕೆ. ಎಂಥ ವಿಚಿತ್ರ ನೋಡಿ: ಯಾವುದರಿಂದ ತಪ್ಪಿಸಿಕೊಳ್ಳಬೇಕೆಂದು ಒದ್ದಾಡುತ್ತಾರೋ ಅದರ ಹೆಸರನ್ನೇ ಕಿವಿ ಕಾದು ಕೂರುತ್ತದೆ, ಕೇಳಿದಷ್ಟೂ ಹೆದರಿಕೆ ಹೆಚ್ಚು, ಹೆದರಿದಷ್ಟೂ ಕಿವಿ ಚುರುಕು.

ನಮ್ಮಲ್ಲಿ ಇದೆಲ್ಲ ಎಲ್ಲಿದೆ ಎನ್ನುವ ಹಿರಿಯರಿಗಾಗಿ ಒಂದು ಮಾತು. ನಮ್ಮ ಹೊಸೂರು ರಸ್ತೆಯ ನಿಮ್ಹಾನ್ಸ್‌ನ ಪ್ರಭಾ ಚಂದ್ರ ಅವರೂ ಸಂಗಡಿಗರೂ ಬೆಂಗಳೂರಿನ ಮನೋವೈದ್ಯರನ್ನು ವಿಚಾರಿಸಿ 2012ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಉತ್ತರ ಕೊಟ್ಟ 66 ಮಂದಿಯಲ್ಲಿ ಮೂರರಲ್ಲಿ ಎರಡು ಪಾಲಿನವರು ಇಂಥ ಒಬ್ಬ ರೋಗಿಯನ್ನಾದರೂ ತಾವು ಕಂಡಿರುವುದಾಗಿ ಹೇಳಿದ್ದರು. ವೈದ್ಯರವರೆಗೆ ಹೋಗದವರ ಲೆಕ್ಕ ಅದರಲ್ಲಿಲ್ಲ. ಮನೆಯಲ್ಲಿ ಯಾರಿಗಾದರೂ ಸಂಶಯವಿದ್ದರೆ 2022ರಲ್ಲಿ ಶುರುವಾದ ಟೆಲಿ ಮಾನಸ್‌ಗೆ, 14416ಕ್ಕೆ ಫೋನ್ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ, ಹಣ ಕೊಡಬೇಕಿಲ್ಲ.

ಆ ದಿನ ಹೋಟೆಲಿನಲ್ಲಿ ಅವಳು ಮಸಾಲೆ ದೋಸೆ ತರಿಸಿಕೊಂಡಿದ್ದಳು. ಮಾತು ಕೇಳುತ್ತ ನನ್ನ ಕಣ್ಣು ಅವಳ ತಟ್ಟೆಯ ಮೇಲೆಯೇ ಇತ್ತು. "ಮಿಸ್, ನನ್ನ ತಟ್ಟೆ ನೋಡ್ಬೇಡಿ, ಪ್ಲೀಸ್" ಎಂದು ನಗುತ್ತಲೇ ಹೇಳಿದಳು. ಮದುವೆಮನೆಗಳಿಗೆ ಹೋಗಲು ಅವಳಿಗೆ ಈಗಲೂ ಅಳುಕು. ಛತ್ರದ ಬಾಗಿಲಲ್ಲಿ ಪನ್ನೀರು ಚಿಮುಕಿಸುವ ಮೊದಲೇ ನಮ್ಮವರು "ಏನೇ ಇಷ್ಟು ಸೊರಗಿದ್ದೀಯ", "ಪರವಾಗಿಲ್ಲ, ಈಗ ಮೈಕೈ ತುಂಬ್ಕೊಂಡಿದ್ದೀಯ" ಎಂದು ಶುರುಮಾಡುತ್ತಾರಲ್ಲ! ಕಾಯಿಲೆಯಿಂದ ಎದ್ದವಳಿಗೆ ಎರಡನೆಯದು ಮೊದಲನೆಯದಕ್ಕಿಂತ ಕಷ್ಟವಂತೆ. ನಾನು ಅಂದಿನಿಂದ ಯಾರನ್ನು ಕಂಡರೂ ಅವರ ಮೈಯ ಸುದ್ದಿ ಎತ್ತಬಾರದೆಂದು ಪ್ರಯತ್ನಿಸುತ್ತಿದ್ದೇನೆ. ಬಹಳ ಕಷ್ಟ. ಕಳೆದ ವರ್ಷ ನಮ್ಮ ಸೋದರಳಿಯನ ಮನೆಯ ಗೃಹಪ್ರವೇಶದಲ್ಲಿ ಎರಡು ಸಲ ತಪ್ಪಿದೆ. ಯಾರಿಗೆ ಎಂಬುದು ಅವರಿಗೆ ಗೊತ್ತು, ಕ್ಷಮಿಸಲಿ.

ಪದಗಳ ಪಟ್ಟಿ ಮುಗಿದ ಮೇಲೆ, ಹುಡುಗಿಗೆ ಕೊಡುವ ಮುನ್ನ, ಈ ಹಳೆಯ ವಿದ್ಯಾರ್ಥಿನಿಗೆ ತೋರಿಸಬೇಕೆನ್ನಿಸಿತು. ನೋಯುತ್ತದೆಯಾದರೆ ಬೇಡ ಎಂದೂ ಹೇಳಿದೆ. ಜೆ.ಪಿ. ನಗರದಿಂದ ಸಂಜೆ ಬಂದಳು. ಊಟದ ಪಟ್ಟಿಯನ್ನು ಬೇಗ ಓದಿ ಮುಗಿಸಿ, "ಇದು ಸರಿಯಾಗಿದೆ ಮಿಸ್" ಎಂದು ಪಕ್ಕಕ್ಕಿಟ್ಟಳು. ನಾನು ಕಷ್ಟಪಟ್ಟು ಹೆಕ್ಕಿದ್ದ ಎರಡನೆಯ ಪಟ್ಟಿಯ ಮೇಲೆ ಬಹಳ ಹೊತ್ತು ಕುಳಿತಳು. ಬೀಗ, ಛತ್ರಿ, ಏಣಿ, ಕಿಟಕಿ, ಕನ್ನಡಿ, ದರ್ಜಿ, ಮೆಟ್ಟಿಲು, ಲಕೋಟೆ... "ಕೆಂಪು ಪೆನ್ನು ಇದೆಯಾ ಮಿಸ್?" ಎಂದಳು. ಕೊಟ್ಟೆ.

'ಕನ್ನಡಿ'ಯನ್ನು ಹೊಡೆದಳು. ಅದು ನನಗೆ ಹೊಳೆಯಬೇಕಿತ್ತು. 'ದರ್ಜಿ'ಯನ್ನು ಹೊಡೆದಳು, ಯೂನಿಫಾರಂ ಹೊಲಿಸಲು ಅಳತೆ ಕೊಡುವ ದಿನ ನೆನಪಾಗುತ್ತದಂತೆ. 'ಮೆಟ್ಟಿಲು' ಏತಕ್ಕೆ ಎಂದು ಕೇಳಿದೆ. ಮನೆಯವರು ಮಲಗಿದ ಮೇಲೆ ಮಹಡಿಯ ಮೆಟ್ಟಿಲನ್ನು ಹತ್ತಿ ಇಳಿದು ಹತ್ತಿ ಇಳಿದು ಮಾಡುತ್ತಿದ್ದೆ, ಎಷ್ಟು ಸಲ ಎಂಬ ಲೆಕ್ಕ ಗೋಡೆಯ ಮೇಲೆ ಪೆನ್ಸಿಲಿನಲ್ಲಿತ್ತು, ಅಪ್ಪ ಅದನ್ನು ಸುಣ್ಣ ಹೊಡೆಸುವಾಗ ಕಂಡರು ಎಂದಳು. 'ಏಣಿ'ಯ ಮೇಲೂ ಒಂದು ಕ್ಷಣ ಪೆನ್ನು ನಿಂತಿತು. "ಇರಲಿ ಬಿಡಿ" ಎಂದು ಮುಂದೆ ಹೋದಳು. 'ಬೀಗ', 'ಛತ್ರಿ', 'ಲಕೋಟೆ' ಇವುಗಳಿಗೆ ಒಪ್ಪಿಗೆ ಸಿಕ್ಕಿದೆ.

ಹೀಗಾಗಿ ಪಟ್ಟಿಗೆ ಇನ್ನೂ ಮೂರು ಪದಗಳು ಬಾಕಿ ಇವೆ: ಮೂರಕ್ಷರದವು ಎರಡು, ಎರಡಕ್ಷರದ್ದು ಒಂದು. ದಿನಬಳಕೆಯವಾಗಿರಬೇಕು; ಊಟದ, ಮೈಯ ನೆನಪು ಯಾರಿಗೂ ತರಬಾರದು. ನಿಮ್ಮಲ್ಲಿ ಯಾರಿಗಾದರೂ ಹೊಳೆದರೆ ಬರೆದು ತಿಳಿಸಿ. 'ಮಣೆ' ಎಂದು ಮಾತ್ರ ಹೇಳಬೇಡಿ. ನಮ್ಮ ಯಜಮಾನರು ಆಗಲೇ ಹೇಳಿ ಬೈಸಿಕೊಂಡಿದ್ದಾರೆ.